ಅಮ್ಮನ ಕಿವಿಯಲ್ಲಿ ಹೇಳಿದ್ದು

ನಾನು ಮಾರ್ಮನ್ ಧರ್ಮವನ್ನು ಬಿಟ್ಟದ್ದು ಒಂದು ಕಲ್ಲಿನ ಕಾರಣಕ್ಕೆ. ಹೀಗೆಂದರೆ ಕೇಳಿದವರು ನಗುತ್ತಾರೆ, ನಗಲಿ. ಕೆಲವರು ಮದುವೆಗಾಗಿ ಧರ್ಮ ಬಿಡುತ್ತಾರೆ, ಕೆಲವರು ವೈನಿಗಾಗಿ, ಇನ್ನು ಕೆಲವರು ಭಾನುವಾರ ಬೆಳಿಗ್ಗೆ ಹೊದ್ದು ಮಲಗುವ ಸುಖಕ್ಕಾಗಿ. ನನ್ನದು ಹಾಗಲ್ಲ. ನಾನು ಓದಿ, ಒಂದಕ್ಕೊಂದು ತಾಳೆ ನೋಡಿ, ಸರಿಯಾಗಿ ಯೋಚಿಸಿಯೇ ಬಿಟ್ಟೆ. ಆ ವಿಷಯದಲ್ಲಿ ನನಗೆ ಇವತ್ತಿಗೂ ಎಳ್ಳಷ್ಟು ಅನುಮಾನವಿಲ್ಲ. ಆದರೆ ಬಿಟ್ಟೆ ಎಂಬುದನ್ನು ಅಮ್ಮನಿಗೆ ಹೇಳಲು ನನಗೆ ಎಂಟು ತಿಂಗಳು ಹಿಡಿಯಿತು. ಏಕೆಂದರೆ ಅಮ್ಮನಿಗೆ ಆ ಧರ್ಮವನ್ನು ಹೇಳಿಕೊಟ್ಟವಳೇ ನಾನು.

ನಾವು ಮೈಸೂರಿನವರು. ನನಗೆ ಒಂಬತ್ತು ವರ್ಷವಾಗಿದ್ದಾಗ ಅಪ್ಪ ಅಮೆರಿಕದ ನ್ಯೂಜೆರ್ಸಿ ರಾಜ್ಯದ ನೆವಾರ್ಕ್‌ನ ಔಷಧ ಕಂಪನಿಯೊಂದರಲ್ಲಿ ಕೆಮಿಸ್ಟ್ ಕೆಲಸ ಹಿಡಿದು ನಮ್ಮನ್ನು ಪಿಸ್ಕಾಟವೇಗೆ ಕರೆತಂದರು. ಮೊದಲ ಚಳಿಗಾಲದಲ್ಲೇ ನಮ್ಮ ಹಳೆಯ ಕಾರು ಹಿಮದಲ್ಲಿ ಹೂತುಹೋಯಿತು. ಅಪ್ಪ ಸ್ನಾನದ ಬಕೆಟ್ಟು ಹಿಡಿದು ಹಿಮ ಎತ್ತಿ ಹಾಕುತ್ತಿದ್ದರು. ಆ ಹೊತ್ತಿಗೆ ಬಿಳಿ ಶರಟು, ಟೈ, ಎದೆಯ ಮೇಲೆ ಕಪ್ಪು ಹೆಸರುಪಟ್ಟಿ ಹಾಕಿಕೊಂಡ ಇಬ್ಬರು ಹುಡುಗರು ಬಂದರು. ಅಮೆರಿಕದಲ್ಲೇ ಹುಟ್ಟಿದ, ಏಸುವನ್ನು ನಂಬುವ ಮಾರ್ಮನ್ ಪಂಥದ ಧರ್ಮಪ್ರಚಾರಕರು. ಪಕ್ಕದ ಮನೆಯಿಂದ ಸಲಿಕೆ ಎರವಲು ತಂದು ಅರ್ಧ ಗಂಟೆಯಲ್ಲಿ ಕಾರು ಬಿಡಿಸಿಕೊಟ್ಟರು. ಅಮ್ಮ ಒಳಗೆ ಕರೆದು ಉಪ್ಪಿಟ್ಟು ಕೊಟ್ಟಳು, ಮೂರು ಸಲ ಹಾಕಿಸಿಕೊಂಡು ತಿಂದರು. ಕಾಫಿ ಕೊಟ್ಟರೆ ಬೇಡವೆಂದರು. ಚಹವೂ ಬೇಡ. ಹೆಂಡ, ಸಿಗರೇಟು ಮುಟ್ಟುವುದಿಲ್ಲ, ತಿಂಗಳಿಗೊಂದು ದಿನ ಉಪವಾಸ ಮಾಡುತ್ತೇವೆ ಎಂದೂ ಹೇಳಿದರು. ಅವರು ಹೋದ ಮೇಲೆ ಅಮ್ಮ ಅಪ್ಪನಿಗೆ, "ಇವರು ನಮ್ಮತ್ತೆಗಿಂತ ಮಡಿ ಕಣ್ರೀ" ಎಂದಳು. ನಮ್ಮ ಮನೆಗೆ ಆ ಧರ್ಮ ಬಂದದ್ದು ಹಾಗೆ, ಹಿಮದ ಮೂಲಕ.

ಒಂದೂವರೆ ವರ್ಷದೊಳಗೆ ಮೂವರೂ ದೀಕ್ಷಾಸ್ನಾನ ಮಾಡಿಸಿಕೊಂಡೆವು. ಅಪ್ಪನಿಗೆ ದೇವರನ್ನು ಬದಲಿಸುವುದಕ್ಕಿಂತ ಕಾಫಿ ಬಿಡುವುದೇ ಹೆಚ್ಚು ಕಷ್ಟವಾಯಿತು. ಹತ್ತಿರದ ಈಸ್ಟ್ ಬ್ರನ್ಸ್‌ವಿಕ್‌ನ ಕನ್ನಡದ ಆಂಟಿಯರು ನಮ್ಮನ್ನು ಹಬ್ಬಕ್ಕೆ ಕರೆಯುವುದನ್ನು ನಿಲ್ಲಿಸಲಿಲ್ಲ, ಆದರೆ ಕರೆದಾಗಲೆಲ್ಲ, "ಅದೇನ್ರೀ, ನೀವು ಕ್ರಿಶ್ಚಿಯನ್ನಾ, ಇಲ್ಲಾ ಬೇರೇನಾ?" ಎಂದು ಕೇಳದೆ ಬಿಡುತ್ತಿರಲಿಲ್ಲ. ಅಮ್ಮನಿಗೆ ಅದಕ್ಕೆಲ್ಲ ಉತ್ತರ ಗೊತ್ತಿರಲಿಲ್ಲ. ಅವಳನ್ನು ಹಿಡಿದಿಟ್ಟದ್ದು ಒಂದೇ ಒಂದು ನಂಬಿಕೆ. ದೇವಾಲಯದಲ್ಲಿ ಗಂಡ ಹೆಂಡತಿ ಮಕ್ಕಳನ್ನು ಒಟ್ಟಿಗೆ ಕೂರಿಸಿ ಒಂದು ವಿಧಿ ಮಾಡುತ್ತಾರೆ. ಆ ಮೇಲೆ ಸಾವು ಕೂಡ ಆ ಕುಟುಂಬವನ್ನು ಬೇರೆ ಮಾಡಲಾರದು. ಎಲ್ಲರೂ ನಂಬಿಕೆಯಲ್ಲಿ ಉಳಿದರೆ ಮೇಲೆಯೂ ಎಲ್ಲರೂ ಒಟ್ಟಿಗೇ ಇರುತ್ತಾರೆ. ಒಬ್ಬರು ಬಿಟ್ಟು ಹೋದರೆ ಅಲ್ಲಿ ಅವರ ಜಾಗ ಖಾಲಿ. ನಮಗೆ ಆ ವಿಧಿ ಆದದ್ದು ನನಗೆ ಹನ್ನೆರಡು ವರ್ಷವಾಗಿದ್ದಾಗ. ಅಮ್ಮ ಹೊರಗೆ ಬಂದವಳೇ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆಯ ಗುರುತು ಮೂಡಿತ್ತು.

ನಮ್ಮ ಧರ್ಮ ಹುಟ್ಟಿದ ಗುಡ್ಡ ನ್ಯೂಯಾರ್ಕ್ ರಾಜ್ಯದ ಒಳಭಾಗದಲ್ಲಿದೆ, ಮನೆಯಿಂದ ಐದು ಗಂಟೆಯ ಡ್ರೈವ್. ಅಲ್ಲಿ ನಮ್ಮ ಸ್ಥಾಪಕರಿಗೆ ದೇವದೂತನೊಬ್ಬ ಚಿನ್ನದ ತಗಡುಗಳನ್ನು ತೋರಿಸಿದ, ತಗಡಿನ ಮೇಲಿದ್ದ ಪುರಾತನ ಭಾಷೆಯನ್ನು ಅವರು ದೇವರ ಶಕ್ತಿಯಿಂದ ಇಂಗ್ಲಿಷಿಗೆ ತಂದರು, ಅದೇ ನಮ್ಮ ಗ್ರಂಥ. ಒಂದು ಬೇಸಿಗೆಯಲ್ಲಿ ಪುಳಿಯೋಗರೆ ಕಟ್ಟಿಕೊಂಡು ಹೋಗಿದ್ದೆವು. ಗುಡ್ಡದ ಬುಡದಲ್ಲಿ ಅಮ್ಮ ಚಪ್ಪಲಿ ಬಿಟ್ಟಳು. ಅಪ್ಪ, "ಇಲ್ಲಿ ಬಿಡೋ ಹಾಗಿಲ್ಲ, ಹಾಕ್ಕೋ" ಎಂದರೂ ಕೇಳದೆ ಬರಿಗಾಲಲ್ಲೇ ಹತ್ತಿದಳು. ನಮ್ಮ ಚರ್ಚಿನ ಮುಖ್ಯ ಕೇಂದ್ರವಿರುವ ಉಟಾದಿಂದ ಬಂದಿದ್ದ ಕುಟುಂಬವೊಂದು ಅವಳ ಪಾದಗಳನ್ನೇ ನೋಡುತ್ತಿತ್ತು. ನನಗೆ ನಾಚಿಕೆಯಾಯಿತು. ಈಗ ನೆನೆದರೆ ಅವತ್ತು ಆ ಗುಡ್ಡದ ಮೇಲಿದ್ದ ಅಷ್ಟೂ ಜನರಲ್ಲಿ ಅಮ್ಮನಷ್ಟು ನಂಬಿದವರು ಯಾರೂ ಇರಲಿಲ್ಲ ಅನ್ನಿಸುತ್ತದೆ.

ಅಮ್ಮ ಓದಿದ್ದು ಎಸ್ಸೆಸ್ಸೆಲ್ಸಿ, ಕನ್ನಡ ಮೀಡಿಯಂ. ಅಂಗಡಿಯ ಇಂಗ್ಲಿಷು ಅವಳಿಗೆ ಬೇಗ ಬಂತು. ಚರ್ಚಿನ ವೇದಿಕೆಯ ಇಂಗ್ಲಿಷು ಬರಲೇ ಇಲ್ಲ, ಅದು ಇನ್ನೂರು ವರ್ಷ ಹಳೆಯದು. ಹಾಗಾಗಿ ಪ್ರತಿ ಭಾನುವಾರ ಅವಳ ಎಡಗಡೆ ಕೂತು, ಕಿವಿಗೆ ಬಾಯಿ ಹಚ್ಚಿ, ಪಿಸುದನಿಯಲ್ಲಿ ಕನ್ನಡದಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಶುರುವಾದಾಗ ನನಗೆ ಹತ್ತು ವರ್ಷ. ಇಂಗ್ಲಿಷಿನ ಮಾತು ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧವನ್ನು ನಾನೇ ತುಂಬುತ್ತಿದ್ದೆ. ಹದಿನಾಲ್ಕು ಹದಿನೈದರ ಹೊತ್ತಿಗೆ ಎಲ್ಲವೂ ಅರ್ಥವಾಗುತ್ತಿತ್ತು, ಆದರೂ ತುಂಬುವುದನ್ನು ಬಿಡಲಿಲ್ಲ. ಮಾತಾಡುವವರು ತೀರಾ ಸಪ್ಪೆಯಾಗಿ ಮಾತಾಡುತ್ತಿದ್ದರು. ಒಬ್ಬರು ಎದ್ದು, ತಾಳ್ಮೆ ಒಳ್ಳೆಯದು ಎಂದರೆ, ನಾನು ಅಮ್ಮನಿಗೆ ತಾಳ್ಮೆಗೆ ಒಂದು ಕಥೆ, ಒಂದು ಹೋಲಿಕೆ, ಮೇಲೊಂದು ಒಗ್ಗರಣೆ ಸೇರಿಸಿ ಹೇಳುತ್ತಿದ್ದೆ. ಅಮ್ಮ ತಲೆದೂಗುತ್ತಿದ್ದಳು. ಮುಂದಿನ ಬೆಂಚಿನವರು ತಿರುಗಿ, ಇವರು ಎಷ್ಟು ಭಕ್ತಿಯಿಂದ ಕೇಳುತ್ತಾರಲ್ಲ ಎಂದು ಮೆಚ್ಚುತ್ತಿದ್ದರು.

ಒಂದು ಸಲ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿ ಪೇಚಿಗೆ ಸಿಕ್ಕಿಕೊಂಡೆ. ಚರ್ಚಿನ ಊಟಗಳಲ್ಲಿ ಹಸಿರು ಬಣ್ಣದ, ಅಲುಗಾಡುವ ಜೆಲ್ಲಿ ಇಡುತ್ತಾರೆ. ಪಕ್ಕಾ ಸಸ್ಯಾಹಾರಿಯಾದ ಅಮ್ಮ ಎರಡು ವರ್ಷ ಅದನ್ನು ಪ್ರೀತಿಯಿಂದ ತಿಂದಿದ್ದಳು. ಒಂದು ದಿನ ನಾನು ಡಬ್ಬದ ಮೇಲಿನ ಪಟ್ಟಿ ಓದಿ, ಅದರಲ್ಲಿ ದನದ ಎಲುಬಿನದೋ ಚರ್ಮದ್ದೋ ಅಂಟು ಇರುತ್ತದೆ ಎಂದೆ. ಅಮ್ಮ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. "ತಿಂದಾಗಿತ್ತಲ್ಲೇ, ಹೇಳ್ಲೇಬೇಕಿತ್ತಾ?" ಎಂದಳು.

ನನಗೆ ಹತ್ತೊಂಬತ್ತು ತುಂಬಿದ ಫೆಬ್ರವರಿಯಲ್ಲಿ ಅಪ್ಪ ತೀರಿಕೊಂಡರು. ಆಫೀಸಿನಲ್ಲಿ, ಮಧ್ಯಾಹ್ನದ ಊಟ ಮುಗಿಸಿ ಎದ್ದವರು ಅಲ್ಲೇ ಕುಸಿದರು. ಹೃದಯಾಘಾತ. ಅಮ್ಮ ಅಳಲಿಲ್ಲ. ಊಟ ಬಿಟ್ಟಳು, ನೀರನ್ನೂ ಬಲವಂತವಾಗಿ ಕುಡಿಸಬೇಕಾಗಿತ್ತು. ಮೂರನೆಯ ದಿನ, "ನನ್ನನ್ನೂ ಕರ್ಕೊಳ್ಳಿ ಅಂತ ಅವರಿಗೆ ಹೇಳ್ತಿದೀನಿ" ಎಂದಳು, ಸಂತೆಯಿಂದ ಏನೋ ತರಲು ಹೇಳುವ ಹಾಗೆ. 

ಅವತ್ತೇ ಸಂಜೆ ಬಿಷಪ್ ಬಂದರು. ನಮ್ಮಲ್ಲಿ ಸಂಬಳದ ಪುರೋಹಿತರಿಲ್ಲ. ಸದಸ್ಯರಲ್ಲೇ ಒಬ್ಬರು ತಮ್ಮ ಕೆಲಸ ಮಾಡಿಕೊಂಡೇ ಕೆಲವು ವರ್ಷ ಬಿಷಪ್ ಆಗಿರುತ್ತಾರೆ. ಇವರು ಹಲ್ಲಿನ ಡಾಕ್ಟರು. ಒಳ್ಳೆಯ ಮನುಷ್ಯ, ಮಾತು ಮಾತ್ರ ಬರುತ್ತಿರಲಿಲ್ಲ. ಟೋಪಿಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಹತ್ತು ನಿಮಿಷ ಅದರ ಅಂಚನ್ನೇ ತಿರುಗಿಸಿದರು. ಆಮೇಲೆ ಇಂಗ್ಲಿಷಿನಲ್ಲಿ, ತುಂಬಾ ದುಃಖವಾಯಿತು, ಅವರು ಒಳ್ಳೆಯವರು, ಶುಕ್ರವಾರದವರೆಗೆ ನಮ್ಮ ಹೆಂಗಸರು ಊಟ ಕಳಿಸುತ್ತಾರೆ, ನೀವು ಮೊಟ್ಟೆ ತಿನ್ನುತ್ತೀರಾ ಎಂದು ಕೇಳಿದರು. ಅಷ್ಟೇ.

ಅಮ್ಮ ನನ್ನ ಮುಖ ನೋಡಿದಳು. ಏನು ಹೇಳಿದರು ಎಂಬ ನೋಟ. ಮೊಟ್ಟೆಯ ಮಾತನ್ನು ನಾನು ಹೇಗೆ ಹೇಳಲಿ? ಅಪ್ಪ ದಿನಾ ರೈಲಿನಲ್ಲಿ ಆಫೀಸಿಗೆ ಹೋಗಿಬರುತ್ತಿದ್ದವರು. ನಾವು ಮೂವರೂ ನ್ಯೂಯಾರ್ಕಿಗೆ ಹೊರಟಾಗ ಅಮ್ಮ ಸೀರೆಯ ನೆರಿಗೆ ಸರಿಮಾಡುವುದರಲ್ಲಿ ತಡ ಮಾಡುತ್ತಿದ್ದಳು, ಅಪ್ಪ ಮುಂದೆ ಹೋಗಿ ಪ್ಲಾಟ್‌ಫಾರ್ಮಿನಲ್ಲಿ ನಿಂತಿರುತ್ತಿದ್ದರು. ಅದು ನೆನಪಾಯಿತು. ನನ್ನ ಬಾಯಿಂದ ಬಂದದ್ದು ಇದು.

"ಅಪ್ಪ ಎಲ್ಲೂ ಹೋಗಿಲ್ವಂತೆ ಅಮ್ಮ. ಒಂದು ರೈಲು ಮುಂಚೆ ಹತ್ತಿದಾರಂತೆ ಅಷ್ಟೆ. ಆ ಕಡೆ ಪ್ಲಾಟ್‌ಫಾರ್ಮಲ್ಲಿ ಇಳ್ಕೊಂಡು ಕಾಯ್ತಿರ್ತಾರಂತೆ. ನೀನು ಅವಸರ ಮಾಡ್ಕೊಂಡು ಓಡಿ ಬರೋದು ಬೇಡ, ಇಲ್ಲಿಯ ಕೆಲಸ ಎಲ್ಲ ಮುಗಿಸ್ಕೊಂಡು ನಿಧಾನವಾಗಿ ಬಂದ್ರೆ ಸಾಕು, ಅವರು ಎಷ್ಟು ಹೊತ್ತಾದ್ರೂ ಕಾಯ್ತಾರೆ ಅಂತ ಬಿಷಪ್ ಹೇಳ್ತಿದಾರೆ."

ಅಮ್ಮ ಬಿಷಪ್ಪರನ್ನು ನೋಡಿದಳು. ಅವರು ಪಾಪ, ಮೊಟ್ಟೆಯ ಉತ್ತರಕ್ಕೆ ಕಾಯುತ್ತಾ ತಲೆಯಾಡಿಸಿದರು. ಅಮ್ಮ ಮೊದಲ ಬಾರಿಗೆ ಗಟ್ಟಿಯಾಗಿ ಅತ್ತಳು. ಅವರು ಹೋದ ಮೇಲೆ ಒಂದು ತಟ್ಟೆ ಮೊಸರನ್ನ ತಿಂದಳು. ನಾನು ಸುಳ್ಳು ಹೇಳಿದೆ ಎಂದು ನನಗೆ ಅನ್ನಿಸಲೇ ಇಲ್ಲ. ಆಗ ನನಗೆ ಪೂರ್ತಿ ನಂಬಿಕೆಯಿತ್ತು. ಬಿಷಪ್ಪರ ನಾಲಿಗೆಗೆ ಬಾರದ ಮಾತನ್ನು ದೇವರು ನನ್ನ ನಾಲಿಗೆಗೆ ಕೊಟ್ಟ ಎಂದುಕೊಂಡೆ.

ಮುಂದೆ ಓದು ಮುಗಿಸಿ ನಾನು ಅದೇ ಕೆಲಸವನ್ನು ಹೊಟ್ಟೆಪಾಡಾಗಿ ಹಿಡಿದೆ. ಅಮ್ಮನ ಮನೆಯಿಂದ ಮುಕ್ಕಾಲು ಗಂಟೆ ದೂರದ ಹ್ಯಾರಿಸನ್‌ನಲ್ಲಿ ಒಂದು ಸಣ್ಣ ಅಪಾರ್ಟ್‌ಮೆಂಟು ಮಾಡಿಕೊಂಡು, ಆಸ್ಪತ್ರೆಗಳಿಗೆ ಫೋನಿನಲ್ಲಿ ಕನ್ನಡ ದುಭಾಷಿಯಾಗಿದ್ದೇನೆ. ಈ ಕೆಲಸದ ತರಬೇತಿಯಲ್ಲಿ ಮೊದಲ ದಿನವೇ ತಲೆಗೆ ತುಂಬುವ ನಿಯಮ ಏನೆಂದರೆ ಸೇರಿಸಬಾರದು, ಬಿಡಬಾರದು, ಬದಲಿಸಬಾರದು. ಮಗಳ ಮನೆಗೆಂದು ಬಂದು ಆಸ್ಪತ್ರೆ ಸೇರಿದ್ದ ಧಾರವಾಡ ಕಡೆಯ ಅಜ್ಜರೊಬ್ಬರು ಒಮ್ಮೆ, "ನಾ ಉಳೀತೀನೇನ್ರೀ? ಖರೇ ಹೇಳ್ರಿ ಅಕ್ಕಾರ" ಎಂದು ಕೇಳಿದರು. ಡಾಕ್ಟರ ಕಡೆಯಿಂದ ಬಂದ ಉತ್ತರ, ನಮ್ಮ ಕೈಲಾದದ್ದೆಲ್ಲ ಮಾಡುತ್ತೇವೆ. ನಾನು ಅಷ್ಟನ್ನೇ ಹೇಳಿದೆ.  ಇನ್ನೊಂದು ಮಾತು ಸೇರಿಸಲು ನನ್ನ ನಾಲಿಗೆ ಎಷ್ಟು ತುರಿಸಿತೆಂದರೆ, ಕೆಳತುಟಿ ಕಚ್ಚಿ ಹಿಡಿಯಬೇಕಾಯಿತು. ಆದರೆ ಹಿಡಿದೆ. ಕೆಲಸದಲ್ಲಿ ನಾನು ಕಟ್ಟುನಿಟ್ಟು.

ಆ ಕಟ್ಟುನಿಟ್ಟೇ ನನ್ನ ನಂಬಿಕೆಗೆ ಮುಳುವಾಯಿತು. ಮೂವತ್ತೈದು ದಾಟಿದ ಮೇಲೆ ನಾನು ಭಾನುವಾರದ ಶಾಲೆಯಲ್ಲಿ ಹರೆಯದ ಹುಡುಗಿಯರಿಗೆ ಪಾಠ ಹೇಳುತ್ತಿದ್ದೆ. ಗೋಡೆಯ ಮೇಲೆ ನಮ್ಮ ಸ್ಥಾಪಕರ ಚಿತ್ರವಿತ್ತು. ಮೇಜಿನ ಮೇಲೆ ಚಿನ್ನದ ತಗಡು, ಸಾಲಿನ ಮೇಲೆ ಬೆರಳಿಟ್ಟು ಓದುತ್ತಿದ್ದಾರೆ, ಎದುರಿಗೆ ಬರೆದುಕೊಳ್ಳುವವನು. ಒಬ್ಬ ಹುಡುಗಿ ಫೋನು ಹಿಡಿದು, ಅವರು ತಗಡು ನೋಡಲೇ ಇಲ್ಲವಂತೆ, ಟೋಪಿಯೊಳಗೆ ಒಂದು ಕಲ್ಲು ಹಾಕಿ, ಟೋಪಿಯಲ್ಲಿ ಮುಖ ಹುದುಗಿಸಿ ಹೇಳುತ್ತಾ ಹೋದರಂತೆ, ನಿಜವಾ ಎಂದು ಕೇಳಿದಳು. ಅದೆಲ್ಲ ನಮ್ಮ ವಿರೋಧಿಗಳ ಕಟ್ಟುಕಥೆ ಎಂದು ನಾನು ಖಡಾಖಂಡಿತವಾಗಿ ಹೇಳಿದೆ. ಮನೆಗೆ ಬಂದು ಹುಡುಕಿದರೆ ಅದು ನಮ್ಮ ಚರ್ಚಿನದೇ ಜಾಲತಾಣದಲ್ಲಿತ್ತು. ಅನುವಾದದ ಬಹುಭಾಗ ನಡೆದದ್ದು ಹಾಗೆಯೇ ಎಂದು ಹತ್ತಿರದಲ್ಲಿದ್ದು ನೋಡಿದವರು ಹೇಳಿದ್ದರು. ತಗಡು ಬಟ್ಟೆ ಮುಚ್ಚಿಕೊಂಡು ಪಕ್ಕದಲ್ಲಿ ಇರುತ್ತಿತ್ತಂತೆ. ಆ ಕಲ್ಲು, ಅದಕ್ಕಿಂತ ಮುಂಚೆ ಹೂತಿಟ್ಟ ನಿಧಿ ಹುಡುಕಲು ಬಳಸುತ್ತಿದ್ದ ಕಲ್ಲು. ಕನ್ನಡದಲ್ಲಿ ಟೋಪಿಗೆ ಇನ್ನೊಂದು ಅರ್ಥವಿದೆ, ಆ ಸುಲಭದ ಹಾಸ್ಯಕ್ಕೆ ನಾನು ಕೈಹಾಕುವುದಿಲ್ಲ.

ಮೂರು ತಿಂಗಳು ಹಗಲೂ ಬೈಗೂ ಓದಿದೆ. ಕಲ್ಲಿನಿಂದ ಶುರುವಾದದ್ದು ಈಜಿಪ್ಟಿನ ಹಳೆಯ ಸುರುಳಿಗಳವರೆಗೆ ಹೋಯಿತು. ಅವುಗಳಲ್ಲಿ ಬೈಬಲಿನ ಪುರಾತನ ಪಿತಾಮಹನೊಬ್ಬನ ಬರಹವಿದೆ ಎಂದು ನಮ್ಮ ಸ್ಥಾಪಕರು ಅನುವಾದಿಸಿದ್ದರು. ಆ ಭಾಷೆ ಬಲ್ಲವರು ಉಳಿದ ತುಂಡುಗಳನ್ನು ಓದಿದರೆ ಅವು ಸತ್ತವರ ಜೊತೆ ಇಡುತ್ತಿದ್ದ ಮಾಮೂಲಿ ಮಂತ್ರಗಳು. ದೇವರು ತಮಗೆ ಮೊದಲ ಸಲ ದರ್ಶನ ಕೊಟ್ಟ ಕಥೆಯನ್ನೂ ಸ್ಥಾಪಕರು ಬೇರೆ ಬೇರೆ ಸಲ ಬೇರೆ ಬೇರೆಯಾಗಿ ಹೇಳಿದ್ದರು. ಇದಕ್ಕೆಲ್ಲ ಚರ್ಚು ಸಮಾಧಾನ ಕೊಟ್ಟಿದೆ. ಆ ಸಮಾಧಾನದಿಂದ ನೆಮ್ಮದಿ ಪಡೆದ ಒಳ್ಳೆಯ ಜನ ನನಗೆ ಗೊತ್ತು, ಅವರ ಮೇಲೆ ನನಗೆ ಸಿಟ್ಟಿಲ್ಲ. ಕಲ್ಲಿನ ಮೇಲೂ ಸಿಟ್ಟಿಲ್ಲ. ನನಗೆ ಮೈಯೆಲ್ಲ ಉರಿದದ್ದು ಆ ಚಿತ್ರ ಕಂಡು. ಆ ಚಿತ್ರವನ್ನು ನಾನು ಹತ್ತು ವರ್ಷದವಳಿದ್ದಾಗ ಅಮ್ಮನಿಗೆ ಕನ್ನಡದಲ್ಲಿ ವರ್ಣಿಸಿದ್ದೆ, ಮೊನ್ನೆ ಒಂದು ಹುಡುಗಿಯ ಮುಖಕ್ಕೆ ಹೊಡೆದ ಹಾಗೆ ಸುಳ್ಳು ಹೇಳಿದ್ದೆ. ಮೂಲವನ್ನು ನೋಡದೆ ಮಾಡುವುದು ಅನುವಾದವಲ್ಲ. ನನ್ನ ಕಸುಬಿನಲ್ಲಿ ಹಾಗೆ ಮಾಡಿದವರನ್ನು ಸಂಜೆಯೊಳಗೆ ಮನೆಗೆ ಕಳಿಸುತ್ತಾರೆ. ಪಾಠ ಹೇಳುವುದನ್ನು ಬಿಟ್ಟೆ, ಆ ಹುಡುಗಿಯಲ್ಲಿ ಕ್ಷಮೆ ಕೇಳಿದೆ, ಅಲ್ಲಿಗೆ ನನ್ನ ಮಟ್ಟಿಗೆ ಮುಗಿಯಿತು. ಎದೆ ಹಗುರವಾಗಿತ್ತು.

ಅಮ್ಮನ ವಿಷಯ ಮಾತ್ರ ಮುಗಿಯಲಿಲ್ಲ. ಅವಳಿಗೆ ಅರವತ್ತಾರು. ಮೇಲೆ ಅಪ್ಪ ಕಾಯುತ್ತಿದ್ದಾರೆ, ಮಗಳೂ ಬರುತ್ತಾಳೆ, ಮೂವರೂ ಒಟ್ಟಿಗೆ ಇರುತ್ತೇವೆ ಎಂಬ ಧೈರ್ಯದ ಮೇಲೆ ಬದುಕಿದ್ದವಳು. ನಾನು ಬಿಟ್ಟೆ ಎಂದರೆ ಅವಳ ಸ್ವರ್ಗದಲ್ಲಿ ಒಂದು ಜಾಗ ಖಾಲಿಯಾಗುತ್ತದೆ. ಹಾಗಾಗಿ ಭಾನುವಾರ ಹ್ಯಾರಿಸನ್‌ನಿಂದ ಪಿಸ್ಕಾಟವೇಗೆ ಡ್ರೈವ್ ಮಾಡಿ, ಅವಳನ್ನು ಚರ್ಚಿಗೆ ಕರೆದೊಯ್ದು, ಮೊದಲಿನಂತೆ ಕಿವಿಯಲ್ಲಿ ಹೇಳುತ್ತಾ ಕೂತೆ. ಈಗ ಆಸ್ಪತ್ರೆಯ ನಿಯಮವನ್ನು ಅಲ್ಲಿಗೂ ತಂದೆ. ವೇದಿಕೆಯಲ್ಲಿದ್ದವರು ಹೇಳಿದಷ್ಟೇ. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ನಂಬದೆ ಮಾಡುವ ಕೆಲಸವನ್ನು ಚೊಕ್ಕವಾಗಿಯಾದರೂ ಮಾಡೋಣ ಎಂಬ ಹಟ.

ತಿಂಗಳ ಮೊದಲ ಭಾನುವಾರ ನಮ್ಮಲ್ಲಿ ಉಪವಾಸ. ಅವತ್ತು ಉಪದೇಶವಿರುವುದಿಲ್ಲ. ಯಾರಿಗೆ ಮನಸ್ಸು ಬರುತ್ತದೋ ಅವರು ಎದ್ದು ಮೈಕಿನ ಮುಂದೆ ನಿಂತು ತಮ್ಮ ನಂಬಿಕೆಗೆ ಸಾಕ್ಷಿ ಹೇಳುತ್ತಾರೆ. ನಂಬುತ್ತೇನೆ ಎಂದು ಯಾರೂ ಹೇಳುವುದಿಲ್ಲ, ನನಗೆ ಗೊತ್ತಿದೆ ಎಂದೇ ಹೇಳುವುದು ರೂಢಿ. ಅಮ್ಮ ಇಷ್ಟು ವರ್ಷದಲ್ಲಿ ಒಮ್ಮೆಯೂ ಎದ್ದವಳಲ್ಲ. ನಾನು ನಂಬಿಕೆ ಬಿಟ್ಟು ಎಂಟು ತಿಂಗಳಾದಾಗ ಬಂದ ಅಂಥ ಒಂದು ಭಾನುವಾರ ಎದ್ದಳು. ನನ್ನ ಮೊಣಕೈ ಹಿಡಿದು, "ಬಾ, ನಾನು ಹೇಳೋದನ್ನ ಅವರಿಗೆ ಹೇಳು" ಎಂದು ಎಳೆದುಕೊಂಡೇ ಹೋದಳು. ಇನ್ನೂರು ಜನರ ಮುಂದೆ ಸೆರಗು ಹೊದ್ದು ನಿಂತು ಕನ್ನಡದಲ್ಲಿ ಮಾತಾಡಿದಳು.

"ನಮ್ಮ ಯಜಮಾನ್ರು ಹೋದಾಗ ನಾನು ಸಾಯ್ಬೇಕು ಅಂತಿದ್ದೆ. ಮೂರು ದಿನ ಅನ್ನ ಬಿಟ್ಟಿದ್ದೆ. ಆಗ ಅಗೋ ಅಲ್ಲಿ ಕೂತಿದಾರಲ್ಲ, ಆ ಡಾಕ್ಟ್ರು ಮನೆಗೆ ಬಂದು ಒಂದು ಮಾತು ಹೇಳಿದ್ರು. ಅವರು ಒಂದು ರೈಲು ಮುಂಚೆ ಹತ್ತಿದಾರೆ, ಪ್ಲಾಟ್‌ಫಾರ್ಮಲ್ಲಿ ಕಾಯ್ತಿದಾರೆ, ನೀನು ನಿಧಾನವಾಗಿ ಬಾ ಅಂತ. ಆ ಒಂದು ಮಾತಿನ ಮೇಲೆ ನಾನು ಹದಿನೆಂಟು ವರ್ಷ ಬದುಕಿದೀನಿ. ಅಂಥ ಮಾತು ಮನುಷ್ಯರ ಬಾಯಿಂದ ಬರಲ್ಲ. ಅದಕ್ಕೇ ಈ ಚರ್ಚ್ ನಿಜ ಅಂತ ನಂಗೆ ಗೊತ್ತಿದೆ."

ಆಗ ಬಿಷಪ್ ಆಗಿದ್ದ ಹಲ್ಲಿನ ಡಾಕ್ಟರು ಮೂರನೆಯ ಸಾಲಿನಲ್ಲಿ ಕೂತಿದ್ದರು. ಈಗ ತಲೆ ಪೂರ್ತಿ ಬೆಳ್ಳಗಾಗಿದೆ. ನಾನು ಮೈಕನ್ನು ನನ್ನ ಕಡೆ ತಿರುಗಿಸಿಕೊಂಡೆ. ಸೇರಿಸಬಾರದು, ಬಿಡಬಾರದು, ಬದಲಿಸಬಾರದು. ಅಮ್ಮ ಹೇಳಿದ್ದನ್ನೆಲ್ಲ ಅಕ್ಷರಶಃ ಇಂಗ್ಲಿಷಿನಲ್ಲಿ ಹೇಳಿದೆ. ನನ್ನ ಜೀವನದಲ್ಲಿ ನಾನು ಮಾಡಿದ ಅತ್ಯಂತ ಪ್ರಾಮಾಣಿಕ ಅನುವಾದ ಅದು, ಹೇಳಿದ್ದು ಮಾತ್ರ ನಡೆಯದೇ ಇದ್ದ ಸಂಗತಿ. ಸಭೆಯಲ್ಲಿ ಅರ್ಧಕ್ಕರ್ಧ ಜನ ಕಣ್ಣೊರೆಸಿಕೊಂಡರು.

ಮುಗಿದ ಮೇಲೆ ಡಾಕ್ಟರು ನನ್ನನ್ನು ಮೊಗಸಾಲೆಯಲ್ಲಿ ಹಿಡಿದರು. ಅವರ ಕಣ್ಣು ಕೆಂಪಾಗಿತ್ತು. ತಾವು ಆ ಮಾತು ಹೇಳಿದ್ದು ನೆನಪೇ ಇಲ್ಲ ಎಂದರು. ಆಮೇಲೆ, ಆದರೆ ಹೇಳಿರಲೇಬೇಕು, ಅವತ್ತು ನಿಮ್ಮ ಮನೆಯಲ್ಲಿ ಪವಿತ್ರಾತ್ಮ ಇದ್ದದ್ದು ಚೆನ್ನಾಗಿ ನೆನಪಿದೆ, ಇವತ್ತೇ ದಿನಚರಿಯಲ್ಲಿ ಬರೆದಿಡುತ್ತೇನೆ ಎಂದರು. ದಿನಚರಿ ಬರೆಯುವುದು ನಮ್ಮವರಿಗೆ ವ್ರತದಂತೆ, ಮಕ್ಕಳು ಮೊಮ್ಮಕ್ಕಳು ಓದಲಿ ಎಂದೇ ಬರೆಯುತ್ತಾರೆ. ಅವರ ಹಿಂದೆ ಇಬ್ಬರು ಹೆಂಗಸರು ಆಗಲೇ ರೈಲಿನ ಮಾತನ್ನು ಮೂರನೆಯವಳಿಗೆ ಹೇಳುತ್ತಿದ್ದರು. ಅವರ ಬಾಯಲ್ಲಿ ಪ್ಲಾಟ್‌ಫಾರ್ಮಿನ ಮೇಲೆ ಒಂದು ಬೆಳಕೂ ಬಂದಿತ್ತು.

ಒಂದು ಧರ್ಮದ ಮೂಲವನ್ನು ಹುಡುಕುತ್ತಾ ಮೂರು ತಿಂಗಳು ಹಳೆಯ ಕಾಗದಗಳಲ್ಲಿ ತಲೆ ಹುದುಗಿಸಿದ್ದವಳು ನಾನು. ಅದು ಹೇಗೆ ಹುಟ್ಟುತ್ತದೆ ಎಂಬುದು ಈಗ ಕೋಟು ಸ್ಟ್ಯಾಂಡಿನ ಪಕ್ಕದಲ್ಲಿ, ನನ್ನ ಕಣ್ಣೆದುರೇ ನಡೆಯುತ್ತಿತ್ತು. ಕಲ್ಲೂ ನಾನೇ, ಟೋಪಿಯೂ ನಾನೇ. ಆದರೂ ನನ್ನ ತೀರ್ಮಾನ ಸಡಿಲವಾಗಲಿಲ್ಲ. ಇನ್ನೂ ಗಟ್ಟಿಯಾಯಿತು. ಇದನ್ನು ಇನ್ನೊಂದು ದಿನ ಮುಂದಕ್ಕೆ ಬಿಟ್ಟರೆ ನನ್ನ ಮಾತು ಯಾರದೋ ಮೊಮ್ಮಕ್ಕಳಿಗೆ ಪಾಠವಾಗುತ್ತದೆ ಎಂದು ಗಾಬರಿಯೂ ಆಯಿತು. ಡಾಕ್ಟರಿಗೆ ಹೇಳುವ ಮೊದಲು ಅಮ್ಮನಿಗೆ ಹೇಳಬೇಕಿತ್ತು. ಅವಳನ್ನು ಕರೆದುಕೊಂಡು ಕಾರಿಗೆ ಬಂದೆ.

"ಅಮ್ಮ, ಒಂದು ವಿಷಯ ಹೇಳ್ಬೇಕು. ನಾನು ಇದನ್ನ ಬಿಲೀವ್ ಮಾಡಲ್ಲ. ಆ ತಗಡು, ಆ ಅನುವಾದ, ಯಾವುದನ್ನೂ. ಎಂಟು ತಿಂಗಳಾಯ್ತು."

"ಗೊತ್ತು" ಎಂದಳು ಅಮ್ಮ.

"ಹೇಗೆ ಗೊತ್ತು?"

"ಮುಂಚೆ ಅವರು ಒಂದು ಮಾತಾಡಿದ್ರೆ ನೀನು ನಾಲ್ಕು ಹೇಳ್ತಿದ್ದೆ. ಈಗ ಬ್ಯಾಂಕಿನೋರ ಥರ ಹೇಳ್ತೀಯ. ಅಷ್ಟೂ ತಿಳಿಯಲ್ವಾ ನಂಗೆ?" ಎಂದಳು. ಕೈಚೀಲದ ಜಿಪ್ಪು ಎಳೆದಳು, ಮತ್ತೆ ಮುಚ್ಚಿದಳು. ತನ್ನ ಮಾತು ತನಗೇ ತಾಗಿದ್ದು ನನಗೆ ಕಾಣಿಸಿತು. "ಹಂಗಾದ್ರೆ ಆ ರೈಲಿನ ಮಾತು?"

"ಅದು ನಂದು ಅಮ್ಮ."

"ಅವರೇನಂದ್ರು ಮತ್ತೆ ಅವತ್ತು?"

"ತುಂಬಾ ದುಃಖ ಆಯ್ತು ಅಂದ್ರು. ಅಪ್ಪ ಒಳ್ಳೆಯವರು ಅಂದ್ರು. ಶುಕ್ರವಾರದ ತನಕ ಊಟ ಕಳಿಸ್ತೀವಿ, ಮೊಟ್ಟೆ ತಿಂತೀರಾ ಅಂತ ಕೇಳಿದ್ರು."

"ಮೊಟ್ಟೆ ತಿಂತೀರಾ ಅಂತ."

"ಹೂಂ."

ಅಮ್ಮನ ಮುಖ ಕೆಂಪೇರಿತು. "ಅಷ್ಟು ಜನದ ಮುಂದೆ ನನ್ನ ನಿಲ್ಲಿಸಿದ್ಯಲ್ಲೇ. ನಾನು ಏಳೋಕೆ ಮುಂಚೆ ಹೇಳ್ಬಾರ್ದಿತ್ತಾ? ಹದಿನೆಂಟು ವರ್ಷ ನಿಂಗೆ ಬಾಯಿ ಬರ್ಲಿಲ್ವಾ?" ಎಂದು ಬೈದಳು. ಬೈಯಲಿ ಎಂದು ಕೂತೆ. ಬೈಗುಳ ಮುಗಿದ ಮೇಲೆ ಎದುರಿನ ಖಾಲಿಯಾಗುತ್ತಿದ್ದ ಪಾರ್ಕಿಂಗ್ ಜಾಗವನ್ನು ನೋಡುತ್ತಾ ಕೇಳಿದಳು, "ಹಂಗಾದ್ರೆ ನಿಮ್ಮಪ್ಪ ಈಗ ಎಲ್ಲಿದಾರೆ? ಅದನ್ನ ಹೇಳು."

ಉತ್ತರ ಕೊಡುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವಳಲ್ಲ. ಅವತ್ತು ಹೇಳಲು ನನ್ನ ಹತ್ತಿರ ಇದ್ದದ್ದು ಒಂದೇ. "ಗೊತ್ತಿಲ್ಲ ಅಮ್ಮ."

ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. "ಅವತ್ತು ನೀನು ಹೀಗೆ ಗೊತ್ತಿಲ್ಲ ಅಂದಿದ್ರೆ ನಾನು ಸತ್ತೇಹೋಗ್ತಿದ್ದೆ" ಎಂದಳು. ಅದು ನನ್ನನ್ನು ಬೈದದ್ದೋ ಅಲ್ಲವೋ ನನಗೆ ತಿಳಿಯಲಿಲ್ಲ. ಮನೆಗೆ ಬಿಟ್ಟೆ. ನನಗೂ ಅಳು ಬಂತು, ಹ್ಯಾರಿಸನ್‌ವರೆಗೂ ಅಳುತ್ತಲೇ ಡ್ರೈವ್ ಮಾಡಿದೆ. ಮರುದಿನ ಡಾಕ್ಟರಿಗೆ ಫೋನು ಮಾಡಿ ನಡೆದದ್ದನ್ನು ಹೇಳಿದೆ. ಅವರು ನಿಧಾನವಾಗಿ ಕೇಳಿ, ದಿನಚರಿಯಲ್ಲಿ ತಿದ್ದುತ್ತೇನೆ ಎಂದರು. ತಿದ್ದಿದರೋ ಇಲ್ಲವೋ ಕೇಳಿಲ್ಲ.

ಆ ವಾರವೆಲ್ಲ ಅಮ್ಮ ಫೋನಿನಲ್ಲಿ, ಹೂಂ, ಊಟ ಆಯ್ತು, ಇಡ್ತೀನಿ, ಇಷ್ಟೇ. ಆದರೂ ಭಾನುವಾರ ಹೋದೆ. ಸ್ನಾನ ಮಾಡಿ, ನೀಲಿ ಸೀರೆ ಉಟ್ಟು ಬಾಗಿಲಲ್ಲೇ ನಿಂತಿದ್ದಳು. ಚರ್ಚು ಬಂದಾಗ ನಾನು ಸೀಟ್ ಬೆಲ್ಟ್ ಬಿಚ್ಚಲು ಹೋದರೆ ಕೈ ಅಡ್ಡ ಇಟ್ಟಳು. "ನೀನು ಬರ್ಬೇಡ. ನಂಬದೇ ಇರೋಳ ಬಾಯಿಂದ ನಾನು ಕೇಳಲ್ಲ. ಹೆಂಗೋ ಕೂತ್ಕೊಂಡು ಬರ್ತೀನಿ" ಎಂದು ಇಳಿದು ಒಬ್ಬಳೇ ಒಳಗೆ ಹೋದಳು. ಎರಡು ಗಂಟೆ ನಾನು ಕಾರಿನಲ್ಲೇ ಕೂತೆ. ಅರ್ಥವಾಗದ ಮಾತುಗಳ ಮಧ್ಯೆ ಅವಳು ಮೂಕಿಯ ಹಾಗೆ ಕೂತಿರುತ್ತಾಳೆ, ಇದ್ದ ಒಂದು ಆಸರೆಯನ್ನೂ ನಾನೇ ಕಿತ್ತೆ ಎಂದು ಸಂಕಟ. ಸತ್ಯ ಹೇಳಿದ್ದಕ್ಕೆ ಪಶ್ಚಾತ್ತಾಪವಿರಲಿಲ್ಲ. ಸಂಕಟ ಮಾತ್ರ ಇತ್ತು.

ಬಾಗಿಲು ತೆರೆದು ಜನ ಹೊರಗೆ ಬಂದರು. ಅಮ್ಮ ಬಂದು ಕೂತು, ಕನ್ನಡಿ ಇಳಿಸಿ ಕುಂಕುಮ ನೋಡಿಕೊಂಡಳು. ಅಪ್ಪ ಹೋದ ಮೇಲೂ ಅವಳು ಅದನ್ನು ಬಿಟ್ಟಿರಲಿಲ್ಲ. ಬಿಡಬೇಕೆಂದು ಚರ್ಚಿನಲ್ಲಿ ಅವಳಿಗೆ ಯಾರೂ ಹೇಳಿಲ್ಲ, ಹೇಳಿದ್ದರೂ ನಾನು ಅನುವಾದಿಸಿರಲಿಲ್ಲ.

"ಏನು ಹೇಳಿದ್ರು?" ಎಂದು ಕೇಳಿದೆ. ನನ್ನ ಜೀವನದಲ್ಲಿ ಆ ಪ್ರಶ್ನೆಯನ್ನು ಅವಳಿಗೆ ನಾನು ಕೇಳಿದ್ದು ಅದೇ ಮೊದಲು.

"ತುಂಬಾ ಹೇಳಿದ್ರು" ಎಂದಳು ಅಮ್ಮ, ಕನ್ನಡಿ ಮುಚ್ಚುತ್ತಾ. "ಕೊನೇಲಿ ನಮ್ಮ ಡಾಕ್ಟ್ರು ಎದ್ದು ಮಾತಾಡಿದ್ರು. ಮೇಲೆ ಗೊತ್ತಿದೆ ಅನ್ನೋರಿಗೆ ಮಾತ್ರ ಅಲ್ವಂತೆ ಜಾಗ. ಗೊತ್ತಿಲ್ಲ ಅನ್ನೋ ಮಕ್ಕಳು ಎಷ್ಟು ತಡವಾಗಿ ಬಂದ್ರೂ ಪರವಾಗಿಲ್ವಂತೆ. ಅವರಪ್ಪ ತಮ್ಮ ಪಕ್ಕದ ಸೀಟಿನ ಮೇಲೆ ಟವೆಲ್ ಹಾಕಿ ಹಿಡ್ಕೊಂಡಿರ್ತಾರಂತೆ."

ನ್ಯೂಜೆರ್ಸಿಯಲ್ಲೇ ಹುಟ್ಟಿ ಬೆಳೆದ ಹಲ್ಲಿನ ಡಾಕ್ಟರಿಗೆ ಟವೆಲ್ ಹಾಕಿ ಸೀಟು ಹಿಡಿಯುವುದು ಎಲ್ಲಿಂದ ಗೊತ್ತಿರಬೇಕು. ಅಮ್ಮ ನನ್ನ ಕಡೆ ತಿರುಗದೆ ನೆಟ್ಟಗೆ ಮುಂದಕ್ಕೆ ನೋಡುತ್ತಾ ಕೂತಿದ್ದಳು. ನಾನು ಗಾಡಿ ಸ್ಟಾರ್ಟ್ ಮಾಡಲಿಲ್ಲ.

"ಇನ್ನೇನಂದ್ರು ಅಮ್ಮ?" ಎಂದು ಕೇಳಿದೆ.